ವಾಸನೆ ಹುಡುಕಿಕೊಂಡು ಹೊನ್ನಾಳಿಯವರೆಗೆ

ನಮ್ಮ ಅತ್ತೆಗೆ ರುಚಿ ನೋಡಿ ನೋಡಿ ಅಡುಗೆ ಮಾಡುವವರನ್ನು ಕಂಡರೆ ಆಗುವುದಿಲ್ಲ. “ಸೌಟು ನೆಕ್ಕಿ ಉಪ್ಪು ಹಾಕೋಳು ಅಡಿಗೆಯೋಳಲ್ಲ, ಹಸಿದೋಳು” ಎನ್ನುತ್ತಾರೆ. ನಾನು ಮದುವೆಯಾಗಿ ಜಗಳೂರಿಗೆ ಬಂದ ಹೊಸದರಲ್ಲಿ ಸಾರಿನ ಒಂದು ಹನಿಯನ್ನು ಅಂಗೈಗೆ ಬಿಟ್ಟುಕೊಂಡಿದ್ದು ಅವರ ಕಣ್ಣಿಗೆ ಬಿತ್ತು. ಆ ಪಾತ್ರೆಯಷ್ಟನ್ನೂ ಎಮ್ಮೆಯ ಕಲಗಚ್ಚಿಗೆ ಸುರಿದು ಬಂದರು. ದೇವರಿಗೆ ಎಡೆ ಹೋಗುವ ಮುಂಚೆ ಯಾರ ನಾಲಿಗೆಗೂ ತಾಗಬಾರದು, ಅದು ಆ ಮನೆಯ ಕಟ್ಟು. ಹಾಗಾದರೆ ಉಪ್ಪು ಸಾಕೋ ಸಾಲದೋ ತಿಳಿಯುವುದು ಹೇಗೆ? ಮೂಗಿನಿಂದ. ಉಪ್ಪು ಬಿದ್ದ ಸಾರಿನ ಹಬೆಯೇ ಬೇರೆ, ಬೀಳದ ಸಾರಿನ ಹಬೆಯೇ ಬೇರೆ ಎಂದು ಅವರು ಹೇಳಿದಾಗ ನನಗೆ ನಗು ಬಂದಿತ್ತು. ಒಂದೆರಡು ವರ್ಷದಲ್ಲಿ ನನಗೂ ಅದು ಗೊತ್ತಾಗತೊಡಗಿತು. ಆಮೇಲೆ ನಾನು ನಗಲಿಲ್ಲ.

ಆ ಮೂಗಿನ ವಿದ್ಯೆಯ ಮೇಲೇ ನಾನು ಚಟ್ನಿಪುಡಿ ಮಾಡಿ ಮಾರುವುದನ್ನು ಶುರು ಮಾಡಿದ್ದು. ಶೇಂಗಾ, ಗುರೆಳ್ಳು, ಅಗಸೆ, ಮೂರೇ ಪುಡಿ. ನಮ್ಮ ಊರಿನ ಅಂಗಡಿಗಳಿಗೆ ಹೋಗುತ್ತದೆ, ದಾವಣಗೆರೆಯ ಕಡೆಯಿಂದಲೂ ಕೇಳಿಕೊಂಡು ಬರುತ್ತಾರೆ. ಇದರಲ್ಲಿ ಗುಟ್ಟು ಎನ್ನುವುದಿದ್ದರೆ ಹುರಿಯುವುದರಲ್ಲಿದೆ. ಬಾಣಲೆಗೆ ಬಿದ್ದ ಶೇಂಗಾ ಮೊದಲು ಹಸಿ ಮಣ್ಣಿನ ವಾಸನೆ ಬಿಡುತ್ತದೆ. ಸ್ವಲ್ಪ ಹೊತ್ತಿಗೆ ಅದು ಹೋಗಿ ಕಾಯಿಸಿದ ಹಾಲಿನ ವಾಸನೆ. ಅದು ತಿರುಗಿ ತುಪ್ಪದ ಕಡೆಗೆ ಹೊರಳುವ ಗಳಿಗೆ ಒಂದಿದೆ; ಆಗ ಇಳಿಸಬೇಕು. ಮಾತಾಡುತ್ತ ನಿಂತರೆ ಮುಗಿಯಿತು, ಕಹಿ. ಕಣ್ಣಿಗೆ ಕಾಣುವಷ್ಟರಲ್ಲಿ ತಡವಾಗಿರುತ್ತದೆ. ಮೊದಲು ಹುರಿದದ್ದರಲ್ಲಿ ಒಂದು ಹಿಡಿ ದೇವರಿಗೆ ಮೀಸಲು, ಆದ್ದರಿಂದ ಅದನ್ನೂ ಬಾಯಿಗೆ ಹಾಕಿ ನೋಡುವಂತಿಲ್ಲ.

ಹೋದ ಮಳೆಗಾಲದ ಕೊನೆಗೆ ಒಂದು ಜ್ವರ ಬಂತು. ಮನೆಮಂದಿಗೆಲ್ಲ ಬಂದು ಹೋಯಿತು, ನನ್ನದೂ ಹೋಯಿತು, ಹೋಗುವಾಗ ನನ್ನ ಮೂಗನ್ನು ಕಟ್ಟಿಕೊಂಡು ಹೋಯಿತು. ನೆಗಡಿ ಇರಬೇಕು, ಬಿಡುತ್ತದೆ ಎಂದುಕೊಂಡೆ. ಒಂದು ಬೆಳಿಗ್ಗೆ ನಮ್ಮ ಮನೆಯವರು ಹಿತ್ತಲಿಂದ ಓಡಿ ಬಂದು ಸೋರುತ್ತಿದ್ದ ಒಲೆಯ ಗ್ಯಾಸ್ ಬಂದ್ ಮಾಡಿದರು. ನಾನು ಅದರ ಪಕ್ಕದಲ್ಲೇ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಬೆಳ್ಳುಳ್ಳಿಯದೂ ವಾಸನೆ ಇಲ್ಲ, ಗ್ಯಾಸಿನದೂ ಇಲ್ಲ. ಉಪ್ಪು, ಹುಳಿ, ಸಿಹಿ ನಾಲಿಗೆಗೆ ಗೊತ್ತಾಗುತ್ತಿತ್ತು, ಮೆಣಸಿನಕಾಯಿ ಸುಡುತ್ತಿತ್ತು. ಆದರೆ ಜೀರಿಗೆಗೂ ಮೆಂತ್ಯಕ್ಕೂ ವ್ಯತ್ಯಾಸವಿರಲಿಲ್ಲ. ನನ್ನ ಮೂರು ಪುಡಿಗಳೂ ಒಂದೇ ಪುಡಿಯಾಗಿದ್ದವು. ಅಂದಾಜಿನಲ್ಲಿ ಹುರಿದ ಎರಡು ಸಲದ ಪುಡಿ ಅಂಗಡಿಯಿಂದ ವಾಪಸು ಬಂತು. ಅಂಗಡಿಯವರು ಒಳ್ಳೆಯವರು. “ಅಕ್ಕಾರೆ, ಈ ಸಲ ಶೇಂಗಾ ಹಳೇದಿತ್ತೇನೋ” ಎಂದರು. ಶೇಂಗಾ ಹೊಸದೇ ಇತ್ತು. ನಾನು ಬಾಣಲೆ ತೊಳೆದು ಅಟ್ಟಕ್ಕೆ ಏರಿಸಿದೆ. ಮೂಗು ಬಂದರೆ ಅದು ಇಳಿಯುತ್ತದೆ, ಬರದಿದ್ದರೆ ಇಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಡಾಕ್ಟರು, “ಬಂದ್ರೆ ಬರುತ್ತೆ, ಕಾಯಬೇಕು” ಎಂದರು. ಕಾದೆವು. ದೀಪಾವಳಿ ಹೋಯಿತು. ನಮ್ಮ ಮನೆಯವರದು ಬಟ್ಟೆ ಹೊಲಿಯುವ ಅಂಗಡಿ. ಸೂಜಿಗೆ ದಾರ ಪೋಣಿಸುವಾಗಿನ ಮೌನ ಅವರಿಗೆ ಇಡೀ ದಿನಕ್ಕೆ ಅಂಟಿಕೊಂಡಿದೆ. ಅವರು ಏನೂ ಅನ್ನಲಿಲ್ಲ. ಅಂದವರು ಅತ್ತೆ.

“ಮನ್ಯಾಗೆ ಕುಂತು ಕುಂತು ಮೂಗು ಮಂಕಾಗೈತೆ. ಒಂದೇ ಗಾಳಿ, ಒಂದೇ ಗ್ವಾಡೆ. ಕರ್ಕಂಡು ಹೋಗಿ ಎರಡು ದಿನ ತಿರುಗಿಸ್ಕಂಡು ಬಾರೋ. ನಾಕು ಊರಿನ ಹೋಟ್ಲು ಕಂಡ್ರೆ ತಾನಾಗೇ ಎದ್ದು ಕುಂತ್ಕಂತೈತೆ.”

“ಅವ್ವ, ಮದ್ವಿ ಬ್ಲೌಸ್ ಬಂದಾವೆ” ಎಂದರು ಇವರು.

“ಮದ್ವಿ ನಿಂದೂ ಆಗಿತ್ತಲ್ಲ. ಆವಾಗಿಂದ ಎಲ್ಲಿಗೆ ಕರ್ಕಂಡು ಹೋಗಿದ್ದಿ ಹೇಳು.”

ಇವರು ಯೋಚಿಸಿದರು. ಬಹಳ ಯೋಚಿಸಿದರು. ಕೊನೆಗೆ ಬೀರುವಿನ ಮೇಲಿಂದ ಬ್ಯಾಗು ಇಳಿಸಿದರು.

ಬೆಳಗಿನ ಬಸ್ಸಿಗೆ ದಾವಣಗೆರೆ ಸೇರಿ, ನೇರವಾಗಿ ಬೆಣ್ಣೆ ದೋಸೆಯ ಮುಂದೆ ಕೂತೆವು. ಚಿಕ್ಕ ಹೋಟೆಲು, ಹೆಂಚಿನ ಮುಂದೆ ನಿಂತವನು ಬೆಣ್ಣೆಯನ್ನು ಕೈಯಲ್ಲೇ ಎತ್ತಿ ಎತ್ತಿ ಹಾಕುತ್ತಿದ್ದ. ದೋಸೆ ಬಂತು. ಅಂಚು ಗರಿಗರಿ, ನಡುವೆ ಮೆತ್ತಗೆ, ಬಿಸಿ, ಮೇಲೆ ತಣ್ಣನೆಯ ಕಾಯಿಚಟ್ನಿ. ಇಷ್ಟೂ ನನಗೆ ತಿಳಿಯಿತು. ಬೆಣ್ಣೆ ಮಾತ್ರ ತುಟಿಗೆ ಜಿಡ್ಡಾಗಿ ಹತ್ತಿತು, ಅಷ್ಟೇ.

ಇವರು ತಮ್ಮ ದೋಸೆ ಮುಟ್ಟದೆ ನನ್ನ ಮುಖವನ್ನೇ ನೋಡುತ್ತಿದ್ದರು. “ಏನಾರ?”

“ಬಿಸಿ ಐತೆ.”

“ಬಿಸಿ ಗೊತ್ತಾಗಾಕೆ ಮೂಗು ಬ್ಯಾಡ. ಬೆಣ್ಣೆ?”

“ಇಲ್ರೀ.”

ಎದ್ದು ಹೋಗಿ ಕಾಫಿ ತಂದು ಮೂಗಿನ ಕೆಳಗೆ ಹಿಡಿದರು. ಹಬೆ ತಗುಲಿ ಮೂಗು ಒದ್ದೆಯಾಯಿತು. ಅಲ್ಲಿಂದ ಬಸ್‌ಸ್ಟ್ಯಾಂಡಿಗೆ ನಡೆಯುವ ದಾರಿಯಲ್ಲಿ ಊದುಬತ್ತಿ ಅಂಗಡಿ, ಹಣ್ಣಿನ ಗಾಡಿ, ಹೊಸ ಚಪ್ಪಲಿಯ ಅಂಗಡಿ, ಎಲ್ಲದರ ಮುಂದೂ ನಿಲ್ಲಿಸಿದರು. “ಏನಾರ?” “ಇಲ್ಲ.” “ಇದು?” “ಇಲ್ಲ.” ಚಪ್ಪಲಿ ಅಂಗಡಿಯವರು, “ಅಮ್ಮಾರು ಕಾಲಿಗೆ ಹಾಕ್ಕಂಡು ನೋಡಬೇಕು ಸಾರ್, ಮೂಗಿಗಲ್ಲ” ಎಂದಾಗ ನನಗೆ ನಗುವೂ ಬಂತು, ಕಣ್ಣೀರೂ ಬಂತು.

ಸಂತೆಬೆನ್ನೂರಿನಲ್ಲಿ ಇಳಿದು ಪುಷ್ಕರಣಿ ನೋಡಿದೆವು. ಸುತ್ತಲೂ ಮೆಟ್ಟಿಲು, ನಡುನೀರಿನಲ್ಲಿ ಕಲ್ಲಿನ ಮಂಟಪ. ಬಿಸಿಲಿಗೆ ನೀರು ಹಸಿರಾಗಿ ಮಲಗಿತ್ತು. ಕೆಳಗಿನ ಮೆಟ್ಟಿಲಲ್ಲಿ ಕೂತು ಕಾಲು ಚಾಚಿದೆ. ಬಹಳ ದಿನಗಳಾಗಿದ್ದವು ನಾವಿಬ್ಬರೇ ಹೀಗೆ ಕೂತು. ಇವರು ಕಂಬಗಳ ಅಂತರವನ್ನು ಕಣ್ಣಲ್ಲೇ ಅಳೆದು, “ಟೇಪ್ ಇಲ್ದಂಗೆ ಹೆಂಗೆ ಕಟ್ಯಾರೆ ನೋಡು, ಒಂದು ನೂಲು ಆಚೀಚೆ ಇಲ್ಲ” ಎಂದರು. ಅವರಿಗೆ ಇಡೀ ಜಗತ್ತು ಒಂದು ಹೊಲಿಗೆ. ಆಮೇಲೆ ಪಾಚಿಯನ್ನು ತೋರಿಸಿ, “ಪಾಚಿ ವಾಸನೆ…” ಎಂದು ಶುರು ಮಾಡಿದರು. ನಾನು ತಿರುಗಿ ನೋಡಿದೆ. ಮತ್ತೆ ಕಂಬ ಎಣಿಸತೊಡಗಿದರು.

ಚನ್ನಗಿರಿ ಮುಟ್ಟಿದಾಗ ಸಂಜೆ. ಬಸ್‌ಸ್ಟ್ಯಾಂಡಿನ ಹತ್ತಿರವೇ ಒಂದು ಸಣ್ಣ ಲಾಡ್ಜು. ನಾನು ಲಾಡ್ಜಿನ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಮೇಜಿನ ಹಿಂದೆ ಕೂತಿದ್ದವರು ನಮ್ಮ ಆಧಾರ್ ಕಾರ್ಡುಗಳನ್ನು ತಿರುಗಿಸಿ ನೋಡಿ, ರೂಢಿಯಂತೆ, “ಗಂಡ ಹೆಂಡ್ತಿ ತಾನೆ?” ಎಂದರು.

ಇವರು ಗಂಭೀರವಾಗಿ, “ಇವಳಿಗೆ ಭಾಳ ವರ್ಷದಿಂದ ಅನುಮಾನ ಐತೆ” ಎಂದರು.

ಇವರ ಬಾಯಿಂದ ಅಂಥ ಮಾತು ಬಂದಿದ್ದು ಕೇಳಿ ನಾನು ಬ್ಯಾಗು ಕೆಳಗಿಟ್ಟೆ. ಊರು ಬಿಟ್ಟು ಬಂದರೆ ಮನುಷ್ಯ ಹೀಗೂ ಆಗುತ್ತಾನೆ.

ಸಂಜೆ ಪೇಟೆಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದೆವು. ಮಂಡಕ್ಕಿ ಕಿವಿಗೆ ಚೆನ್ನಾಗಿತ್ತು, ಕರಕರ ಎನ್ನುತ್ತಿತ್ತು. ಬಜ್ಜಿ ನಾಲಿಗೆಯನ್ನು ಸುಟ್ಟಿತು. ಕಡಲೆಹಿಟ್ಟಿನ, ಓಮದ ಸುಳಿವಿಲ್ಲ. ಈರುಳ್ಳಿ ಕಣ್ಣಿಗೆ ಹತ್ತಿತು, ಮೂಗಿಗಲ್ಲ. ಲಾಡ್ಜಿಗೆ ವಾಪಸು ಬರುವಾಗ ಇವರು ಹೂವಿನವಳ ಹತ್ತಿರ ಮಲ್ಲಿಗೆ ತಗೊಂಡರು. ಮುಡಿಸುವುದು ಬಿಟ್ಟು ಮತ್ತೆ ಮೂಗಿನ ಮುಂದೆ ತಂದರು.

“ರೀ” ಎಂದೆ. “ಇನ್ನು ಕೇಳಬ್ಯಾಡ್ರಿ. ನೀವು ಕೇಳಿದಾಗೆಲ್ಲ ನಾನು ಇಲ್ಲ ಅನ್ನಬೇಕು. ನನಗೆ ಇಲ್ಲ ಅಂದೂ ಅಂದೂ ಸಾಕಾಗೈತೆ. ಬಂದ್ರೆ ನಾನೇ ಹೇಳ್ತೀನಿ. ಬರ್ಲಿಲ್ಲ ಅಂದ್ರೆ ಊರಿಗೆ ಹೋಗಿ ಬಾಣಲೆ ಯಾರಿಗಾರ ಕೊಟ್ಟುಬಿಡ್ತೀನಿ. ಅದನ್ನ ಅಟ್ಟದ ಮೇಲೆ ನೋಡ್ತಾ ಇರಾಕೆ ನನಗೆ ಆಗಲ್ಲ.”

ಇವರು ಹೂವನ್ನು ನನ್ನ ಕೈಗೆ ಕೊಟ್ಟರು. “ಆಯ್ತು, ಕೇಳಲ್ಲ” ಎಂದರು.

ಕೊಟ್ಟ ಮಾತಿಗೆ ನಿಂತರು. ಮರುದಿನ ಬೆಳಿಗ್ಗೆ ಗುಡ್ಡದ ಕೋಟೆ ಹತ್ತಿದೆವು. ಮೇಲೆ ರಂಗನಾಥನ ಗುಡಿ, ಕಲ್ಲಿನ ಕೊಳ, ತಣ್ಣನೆಯ ಗಾಳಿ. ಕೆಳಗೆ ಇಡೀ ಚನ್ನಗಿರಿ ಹರಡಿಕೊಂಡಿತ್ತು. ಬಯಲಿದ್ದಲ್ಲೆಲ್ಲ ಕೆಂಪಗೆ ಅಡಿಕೆ ಒಣಹಾಕಿದ್ದರು. ಇವರು ಎದೆ ತುಂಬ ಉಸಿರೆಳೆದು, “ಅಡಿಕೆ ಬೇಯಿಸೋ ವಾಸನೆ ಇಲ್ಲಿಗಂಟ…” ಎಂದವರು ತುಟಿ ಕಚ್ಚಿಕೊಂಡು, “ಇಲ್ಲಿಗಂಟ ಹತ್ತಾಕೆ ನನಗೇ ಏದುಸಿರು ಬಂತು ನೋಡು” ಎಂದು ತಿರುಗಿಸಿಬಿಟ್ಟರು. ಕತ್ತರಿಗೆ ಸಿಕ್ಕ ಬಟ್ಟೆಯನ್ನು ಬೇರೆ ಅಂಗಿಗೆ ಹೊಂದಿಸುವುದು ಅವರ ಕಸುಬು, ಮಾತನ್ನೂ ಹಾಗೇ ಹೊಂದಿಸಿದರು. ನಾನು ಗೊತ್ತಾಗದವಳಂತೆ ಇದ್ದೆ. ಕೆಳಗಿಳಿಯುವಾಗ ಅವರ ಕೈ ಹಿಡಿದುಕೊಂಡೆ. ಮೆಟ್ಟಿಲು ಕಡಿದಾಗಿತ್ತು, ಅಂತ ಇಟ್ಟುಕೊಳ್ಳಿ.

ಹೊನ್ನಾಳಿಗೆ ಹೋಗಿದ್ದು ಹೊಳೆ ನೋಡುವುದಕ್ಕೆ. ನಮ್ಮ ಜಗಳೂರಿನ ಕಡೆಯವರಿಗೆ ಹೊಳೆ ಎಂದರೆ ಅದೊಂದು ನೋಟವೇ. ತುಂಗಭದ್ರೆ ಅಗಲವಾಗಿ, ಅವಸರವಿಲ್ಲದೆ ಹರಿಯುತ್ತಿದ್ದಳು. ದಡದ ಕಲ್ಲುಗಳ ಮೇಲೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಕಾಲು ತೊಳೆದು ಮೇಲೆ ಬಂದು ಒಂದು ಖಾನಾವಳಿಯಲ್ಲಿ ಊಟಕ್ಕೆ ಕೂತೆವು. ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮೊಸರು, ತಟ್ಟೆಯ ಅಂಚಿಗೆ ಶೇಂಗಾ ಚಟ್ನಿಪುಡಿ.

ಆ ಪುಡಿಯನ್ನು ಬೆರಳ ತುದಿಯಲ್ಲಿ ಮುಟ್ಟಿ ನೋಡಿದೆ. ಬಣ್ಣ ಸರಿಯಿತ್ತು, ತರಿ ಸರಿಯಿತ್ತು. ಯಾರೋ ಒಬ್ಬಳು ಹೆಂಗಸು ಬಾಣಲೆಯ ಮುಂದೆ ನಿಂತು ಸರಿಯಾದ ಗಳಿಗೆಗೆ ಇಳಿಸಿದ್ದಾಳೆ. ನನಗೆ ಹೊಟ್ಟೆಕಿಚ್ಚಾಯಿತು. ಎಂದೂ ಕಾಣದ ಹೆಂಗಸಿನ ಮೇಲೆ, ಊಟದ ನಡುವೆ. ಇವರು ಮೊಸರನ್ನು ನನ್ನ ಕಡೆ ಸರಿಸಿದರು.

ಊಟವಾದ ಮೇಲೆ ನ್ಯಾಮತಿಯ ಬಸ್ಸು ಹಿಡಿದೆವು. ನ್ಯಾಮತಿಯಲ್ಲಿ ನನ್ನ ನಾದಿನಿಯ ಮನೆ. ಆ ರಾತ್ರಿ ಅಲ್ಲಿದ್ದು ಮಾರನೆಯ ದಿನ ಊರಿಗೆ ಹೊರಡುವುದೆಂದು ಮಾತಾಗಿತ್ತು. ಖಾಸಗಿ ಬಸ್ಸು, ಕಿಟಕಿಯ ಸೀಟು ನನಗೆ ಸಿಕ್ಕಿತು. ಹಿಂದಿನಿಂದ ಜನ ಹತ್ತುತ್ತಲೇ ಇದ್ದರು. ನಾನು ಹೊರಗೆ ಹೊಳೆ ಮರೆಯಾಗುವುದನ್ನು ನೋಡುತ್ತ, ಬಾಣಲೆಯನ್ನು ಯಾರಿಗೆ ಕೊಡಲಿ ಎಂದು ಯೋಚಿಸುತ್ತಿದ್ದೆ. ಪಕ್ಕದ ಮನೆಯವಳಿಗೆ ಕೊಟ್ಟರೆ ದಿನಾ ಕಣ್ಣಿಗೆ ಬೀಳುತ್ತದೆ. ನಾದಿನಿಗೇ ಕೊಡಬಹುದು, ದೂರದ ಊರು.

“ಧೂಳು ಬರ್ತೈತಾ?” ಎಂದರು ಇವರು. “ಕಿಟಕಿ ಹಾಕ್ಲಾ?”

“ಧೂಳೆಲ್ಲೈತೆ, ಟಾರು ರಸ್ತೆ.”

“ಮತ್ತೆ ಮೂಗಿಗ್ಯಾಕೆ ಸೆರಗು ಹಿಡ್ಕಂಡೀ?”

ಆಗ ನೋಡಿಕೊಂಡೆ. ನನ್ನ ಎಡಗೈ ಸೆರಗನ್ನು ಮಡಿಸಿ ಮೂಗಿಗೆ ಒತ್ತಿ ಹಿಡಿದಿತ್ತು. ಯಾವಾಗ ಏರಿತೋ ನನಗೆ ತಿಳಿಯದು.

“ಏನೋ ನಾತ ರೀ, ಕೆಟ್ಟ ನಾ…”

ಮಾತು ಅಲ್ಲೇ ನಿಂತಿತು. ಇವರ ಬಾಯಿ ತೆರೆದೇ ಇತ್ತು. ನಾನು ಸೆರಗನ್ನು ನಿಧಾನವಾಗಿ ಇಳಿಸಿದೆ. ಹೆದರಿಕೆಯಾಯಿತು, ಇಳಿಸಿದರೆ ಓಡಿಹೋದೀತು ಎಂದು. ಉಸಿರೆಳೆದೆ. ಓಡಿಹೋಗಿರಲಿಲ್ಲ. ಗಟ್ಟಿಯಾಗಿ, ಒದ್ದೆಯಾಗಿ, ಗಂಟಲವರೆಗೆ ಇಳಿಯುವ ನಾತ. ಮೀನು. ನಮ್ಮ ಮನೆಯಲ್ಲಿ ಮೊಟ್ಟೆಯೂ ಬಾರದು; ಮೀನಿನ ಅಂಗಡಿ ಸಾಲಿನ ಮುಂದೆ ಹಾಯಬೇಕಾದರೆ ಸೆರಗು ಮೊದಲು ಮೂಗಿಗೆ ಹೋಗುತ್ತದೆ. ನಮ್ಮವ್ವ ಹಾಗೆ ಮಾಡುತ್ತಿದ್ದಳು, ನಾನೂ ಹಾಗೇ ಕಲಿತೆ. ಜ್ವರ ಬಂದಂದಿನಿಂದ ಸೆರಗಿಗೆ ಆ ಕೆಲಸ ಇರಲಿಲ್ಲ.

ಹಿಂದೆ ತಿರುಗಿದೆ. ಎರಡು ಸೀಟಿನ ಆಚೆ, ಕಾಲುಗಳ ನಡುವೆ ಬುಟ್ಟಿ ಇಟ್ಟುಕೊಂಡು ಒಬ್ಬ ಅಜ್ಜಿ ಕೂತಿದ್ದರು. ಬುಟ್ಟಿಯ ಮೇಲೆ ಒದ್ದೆ ಗೋಣಿ. ಕಂಡಕ್ಟರು ಅವರ ತಲೆಯ ಮೇಲೇ ನಿಂತಿದ್ದ.

“ಅಜ್ಜಿ, ಬುಟ್ಟಿ ಟಾಪ್ ಮೇಲೆ ಹಾಕು ಅಂತ ದಿನಾ ಹೇಳಬೇಕಾ?”

“ಟಾಪ್ ಮೇಲೆ ಹಾಕಿದ್ರೆ ಕಾಗೆ ತಿಂತಾವೆ. ಕಾಗೆಗೆ ನೀನು ಟಿಕೆಟ್ ಹರೀತೀಯೇನಪ್ಪ?”

“ಜನ ಬೈತಾರೆ. ನೋಡಲ್ಲಿ, ಆ ಅಮ್ಮಾರು ಆಗ್ಲೇ ಮೂಗು ಮುಚ್ಕಂಡಿದ್ರು.”

ಬಸ್ಸೆಲ್ಲ ನನ್ನ ಕಡೆ ತಿರುಗಿತು. ಅಜ್ಜಿಯೂ ನೋಡಿದರು, ಜಗಳಕ್ಕೆ ಸಿದ್ಧವಾದ ಮುಖ. “ಏನವ್ವಾ, ಭಾಳ ನಾರ್ತೈತಾ ನನ್ನ ಮೀನು?”

“ನಾರ್ತೈತೆ ಅಜ್ಜಿ” ಎಂದೆ. ಕಣ್ಣು ಒರೆಸಿಕೊಂಡೆ. “ಭಾಳ ಚೆಂದಾಗಿ ನಾರ್ತೈತೆ.”

ಅಜ್ಜಿ ಕಂಡಕ್ಟರನ ಮುಖ ನೋಡಿದರು, ಕಂಡಕ್ಟರು ಅಜ್ಜಿಯ ಮುಖ. “ಬೈಯೋದಾದ್ರೆ ನೆಟ್ಟಗೆ ಬೈಯವ್ವಾ” ಎಂದರು ಅಜ್ಜಿ. “ಇದೇನಿದು, ಅತ್ಲಾಗೂ ಇಲ್ಲ ಇತ್ಲಾಗೂ ಇಲ್ಲ. ಮತ್ತೆ ಅಳ್ತಾ ಬೇರೆ ಇದ್ದೀ.”

ಇವರು ಎದ್ದು ನಿಂತರು. ಬಸ್ಸಿನ ಸರಳು ಹಿಡಿದುಕೊಂಡು, ಜೀವನದಲ್ಲಿ ಎಂದೂ ನಾಕು ಜನರ ಮುಂದೆ ಮಾತಾಡದ ನನ್ನ ಗಂಡ, ಜ್ವರ ಬಂದಿದ್ದರಿಂದ ಹಿಡಿದು ಚಪ್ಪಲಿ ಅಂಗಡಿಯವರೆಗೆ ಎಲ್ಲವನ್ನೂ ಹೇಳಿದರು. “ಬೆಣ್ಣೆ ದೋಸೆ ತಿನ್ಸಿದೆ, ಬರ್ಲಿಲ್ಲ. ಮಲ್ಲಿಗೆ ತಂದೆ, ಬರ್ಲಿಲ್ಲ. ಈಗ ನಿಮ್ಮ ಮೀನಿಗೆ ಬಂದೈತೆ.”

“ಅಂದ್ರೆ” ಎಂದರು ಅಜ್ಜಿ, “ಕಳದೋದ ಮೂಗು ನನ್ನ ಬುಟ್ಯಾಗೆ ಇತ್ತೇನು?”

ಬಸ್ಸು ನಕ್ಕಿತು. ಅಜ್ಜಿ ನಗಲಿಲ್ಲ. ಕೈಸನ್ನೆ ಮಾಡಿ ನನ್ನನ್ನು ಹತ್ತಿರ ಕರೆದರು, ಹೋದೆ. ಗೋಣಿಯ ಅಂಚನ್ನು ಎತ್ತಿ ಹಿಡಿದರು. “ತಗಾ, ನೆಟ್ಟಗೆ ನೋಡ್ಕ. ಮತ್ತೆ ಕಳ್ಕಂಡುಗಿಳ್ಕಂಡೀ.” ನಾನು ಬಗ್ಗಿದೆ. ಬೆಳ್ಳಿಯ ಬಣ್ಣದ, ಕಣ್ಣು ಬಿಟ್ಟುಕೊಂಡ ಮೀನುಗಳು. ಹುಟ್ಟಿದಾಗಿನಿಂದ ಅಷ್ಟು ಹತ್ತಿರ ಹೋದವಳಲ್ಲ. ಹೊಟ್ಟೆ ತೊಳಸಿತು. ತೊಳಸಿದ್ದಕ್ಕೆ ಇನ್ನಷ್ಟು ಸಂತೋಷವಾಗಿ ಮತ್ತೊಮ್ಮೆ ಉಸಿರೆಳೆದೆ. ನನ್ನ ಬೆನ್ನ ಹಿಂದೆ ಇವರು ಕರ್ಚೀಫಿನಲ್ಲಿ ಮೂಗು ಮುಚ್ಚಿಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದರು. “ಇವರಿಗೆ ಮೊದ್ಲಿಂದ್ಲೂ ಐತೇನು ಮೂಗು?” ಎಂದು ಅಜ್ಜಿ ಕೇಳಿದರು.

ಅಜ್ಜಿ ನಮಗಿಂತ ಮುಂಚೆಯೇ ಒಂದು ಹಳ್ಳಿಯ ಗೇಟಿನಲ್ಲಿ ಇಳಿದರು. ಕಂಡಕ್ಟರು ತಾನೇ ಬುಟ್ಟಿ ಇಳಿಸಿಕೊಟ್ಟ. ಬುಟ್ಟಿ ಹೋದ ಮೇಲೆ ನನಗೆ ಮತ್ತೆ ಭಯ ಹತ್ತಿತು. ನಾತ ಕಡಿಮೆಯಾಗುತ್ತ ಹೋಗಿ, ಆಮೇಲೆ ಏನೂ ಇಲ್ಲ. ಅದು ಮೀನು ಹೋಗಿದ್ದಕ್ಕೋ, ಮೂಗು ಹೋಗಿದ್ದಕ್ಕೋ? ನ್ಯಾಮತಿಯವರೆಗೂ ನಾನು ಇವರ ತೋಳನ್ನು ಹಿಡಿದುಕೊಂಡೇ ಕೂತಿದ್ದೆ. ಇವರು ಕೇಳಲಿಲ್ಲ. ಕೊಟ್ಟ ಮಾತು ಕೊಟ್ಟ ಮಾತೇ.

ನಾದಿನಿಯ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ಒಳಗಿನಿಂದ ಚೊರ್ ಎಂದು ಒಗ್ಗರಣೆಯ ಸದ್ದು ಬಂತು. ಸದ್ದಿನ ಹಿಂದೆಯೇ, ಬಹಳ ತೆಳ್ಳಗೆ, ಗೋಡೆಯ ಆಚೆಯಿಂದ ಯಾರೋ ಕರೆದ ಹಾಗೆ, ಇನ್ನೊಂದು ಬಂತು.

“ಬೆಳ್ಳುಳ್ಳಿ” ಎಂದೆ. “ಇಂಗಲ್ಲ, ಬೆಳ್ಳುಳ್ಳಿ.”

ನಾದಿನಿ ಸೌಟು ಹಿಡಿದೇ ಹೊರಗೆ ಬಂದಳು. “ಹೌದು ಅತ್ತಿಗೆ, ಬೆಳ್ಳುಳ್ಳೀನೇ ಹಾಕಿದ್ದು. ಯಾಕೆ, ಸೋಮವಾರದ ವ್ರತ ಏನಾರ ಹಿಡಿದೀರಾ? ಅಣ್ಣ, ಯಾಕೆ ಹಂಗೆ ಕುಂತೆ?”

ಇವರು ಜಗಲಿಯ ಮೇಲೆ ಕೂತುಬಿಟ್ಟಿದ್ದರು. ಎರಡೂ ಕೈಯಲ್ಲಿ ಮುಖ ಒರೆಸಿಕೊಂಡು, “ಏನಿಲ್ಲ, ಕಾಲು ಸೋತಾವೆ” ಎಂದರು.

ಮಾರನೆಯ ದಿನ ಊರು ಮುಟ್ಟಿದಾಗ ಅತ್ತೆ ಬಾಗಿಲಲ್ಲೇ ಇದ್ದರು. “ಬಂತಾ?” ಎಂದರು. ಏನು ಬಂದದ್ದು ಎಂದು ಕೇಳುವ ಅಗತ್ಯವಿರಲಿಲ್ಲ.

“ಬಂತು ಅತ್ತೆ. ಪೂರಾ ಅಲ್ಲ, ಅಷ್ಟಷ್ಟೇ ಬರಾಕೆ ಹತ್ತೈತೆ.”

“ನಾನು ಹೇಳ್ಲಿಲ್ವಾ? ಯಾವ ಹೋಟ್ಲಾಗೆ ಬಂತು?”

ನಾನು ಇವರ ಕಡೆ ನೋಡಿದೆ. ಇವರು ಬ್ಯಾಗನ್ನು ಒಳಗಿಡುತ್ತ, “ಹೊನ್ನಾಳ್ಯಾಗೆ. ಹೊಳೆ ವಾಸನೆಗೆ ಬಂತು” ಎಂದರು.

ಅತ್ತೆ ಬ್ಯಾಗಿನಿಂದ ನನ್ನ ನಿನ್ನೆಯ ಸೀರೆಯನ್ನು ತೆಗೆದರು. ಒಗೆಯಲು ಹಾಕುವ ಮುನ್ನ ಅವರ ಮೂಗು ಒಮ್ಮೆ ಅರಳಿತು. ಎಂಬತ್ತು ದಾಟಿದ ಮೂಗು, ಇನ್ನೂ ಕತ್ತಿಯ ಹಾಗಿದೆ.

“ಹೊಳೇದಲ್ಲ” ಎಂದರು. “ಹೊಳೆ ಒಳಗಿಂದು.”

ಇಬ್ಬರೂ ತಲೆ ತಗ್ಗಿಸಿ ನಿಂತೆವು. ಅತ್ತೆ ಸೀರೆಯನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದು ಬಚ್ಚಲಿನ ಕಡೆ ನಡೆದರು. ಅಲ್ಲಿಂದಲೇ ಕೂಗಿದರು: “ತಲಿಗೆ ನೀರು ಹಾಕ್ಕಂಡು ಬಾ. ಅಟ್ಟದ ಮ್ಯಾಲಿಂದು ಇಳಿಸಾಕೆ ಅವನಿಗೆ ಹೇಳು.”

ಇವರು ಸ್ಟೂಲು ಹಾಕಿ ಬಾಣಲೆ ಇಳಿಸಿದರು. ನಾನು ತಲೆ ಒರೆಸಿಕೊಂಡು ಬಂದು ಒಲೆ ಹಚ್ಚಿ ಒಂದು ಸೇರು ಶೇಂಗಾ ಸುರಿದೆ. ಹಸಿ ಮಣ್ಣಿನ ವಾಸನೆ ಬರಲಿಲ್ಲ. ಸೌಟು ಆಡಿಸುತ್ತಲೇ ಇದ್ದೆ. ಹಾಲಿನದೂ ಬರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಇವರು ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡು, ಅಂಗಡಿಗೆ ಹೊರಟವರು, ಹೋಗದೆ ನಿಂತಿದ್ದರು. ಅವರ ಹಿಂದೆ ಅತ್ತೆ. ಶೇಂಗಾ ಚಟಚಟ ಎನ್ನತೊಡಗಿತು, ಸಿಪ್ಪೆ ಬಿರಿಯತೊಡಗಿತು.

ಆಮೇಲೆ ಬಂತು. ತುಪ್ಪದ ಕಡೆಗೆ ಹೊರಳುವ ಆ ವಾಸನೆ, ಹಳೆಯದರ ಅರ್ಧದಷ್ಟೂ ಇಲ್ಲ, ಆದರೆ ಅದೇ. ಅತ್ತೆ “ಇಳಿ…” ಎನ್ನುವಷ್ಟರಲ್ಲಿ ನನ್ನ ಕೈ ಬಾಣಲೆಯನ್ನು ಕೆಳಗಿಟ್ಟಾಗಿತ್ತು.

ಅತ್ತೆ ಹತ್ತಿರ ಬಂದು ಒಂದು ಹಿಡಿ ತೆಗೆದು ದೇವರ ಮುಂದೆ ಇಟ್ಟರು. ಇವರು ಅಂಗಡಿಗೆ ಹೋದರು. ಮಲ್ಲಿಗೆ ಇನ್ನೂ ನನ್ನ ಮೂಗಿಗೆ ವಾಪಸು ಬಂದಿಲ್ಲ. ವಾರಕ್ಕೊಮ್ಮೆ ಇವರು ತಂದು ಮುಡಿಸುತ್ತಾರೆ, ಈಗ ಮೂಗಿನ ಮುಂದೆ ಹಿಡಿಯುವುದಿಲ್ಲ.